ಮುಂದಿನ ಹಾಡು ಯಾರದೋ

ಊರ ಕೆಲಸಕ್ಕೆ ಕೂಲಿ ಇರುತ್ತಿರಲಿಲ್ಲ, ಹಾಡು ಇರುತ್ತಿತ್ತು. ಜಾತ್ರೆಗೆ ಚಪ್ಪರ ಹಾಕುವುದಿರಲಿ, ಕಲ್ಯಾಣಿಯ ಹೂಳು ತೆಗೆಯುವುದಿರಲಿ, ಶ್ರೀರಾಮನವಮಿಗೆ ಪಾನಕ ಬೆರೆಸುವುದಿರಲಿ, ಅನ್ನದಾನದ ಹಿಂದಿನ ರಾತ್ರಿ ಕೂತು ತರಕಾರಿ ಹೆಚ್ಚುವುದಿರಲಿ, ನಮ್ಮ ಸಾಸಲಿನಲ್ಲಿ ಎಲ್ಲಕ್ಕಿಂತ ಮೊದಲು ಬಂದಿಳಿಯುತ್ತಿದ್ದದ್ದು ಮೈಕ್‌ಸೆಟ್ಟು. ಹೊಂಗೆಮರದ ಕವಲಿಗೆ ಹಾರ್ನು ಕಟ್ಟಿ, ವೈರು ಎಳೆದು, ‘ಹಲೋ, ಮೈಕ್ ಟೆಸ್ಟಿಂಗ್’ ಎಂದು ಒಂದೆರಡು ಸಲ ಕೂಗಿ, ಗಣಪತಿಯ ಮೇಲಿನ ಹಾಡೊಂದನ್ನು ಬಿಟ್ಟರೆ ಸಾಕು, ಮನೆಮನೆಗೆ ಹೋಗಿ ಯಾರನ್ನೂ ಕರೆಯಬೇಕಾಗಿರಲಿಲ್ಲ. ಈಳಿಗೆಮಣೆ ಹಿಡಿದವರು, ಹಾರೆ ಗುದ್ದಲಿ ಹೊತ್ತವರು, ಬರಿಗೈಯಲ್ಲಿ ಬಂದು ‘ನಾನೇನ್ ಮಾಡ್ಲಿ’ ಎಂದು ಕೇಳುವವರು ಒಬ್ಬೊಬ್ಬರಾಗಿ ಬಂದು ಸೇರುತ್ತಿದ್ದರು.

ಮೊದಲ ಹಾಡು ಗಣಪತಿಯದು ಎಂಬುದಷ್ಟೇ ಕಟ್ಟಳೆ. ಆಮೇಲೆ ಬರುವುದಕ್ಕೆ ಹಿಂದು ಮುಂದು ಇರಲಿಲ್ಲ. ಪಿ.ಬಿ. ಶ್ರೀನಿವಾಸ್ ದನಿಯಲ್ಲಿ ರಾಜ್‌ಕುಮಾರ್ ಚಿತ್ರದ ಹಾಡು ಮುಗಿಯುತ್ತಿದ್ದಂತೆ ಸಿ. ಅಶ್ವತ್ಥ್ ಕಂಠದಲ್ಲಿ ಶರೀಫಜ್ಜನ ತತ್ವಪದ. ಅದರ ಬೆನ್ನಿಗೆ ಹಂಸಲೇಖರ ‘ಪ್ರೇಮಲೋಕ’. ಅಲ್ಲಿಂದ ನೇರ ಮಾದಪ್ಪನ ಮೇಲಿನ ಜನಪದ. ನಡುವೆ ಹಾರ್ಮೋನಿಯಂ ಎಳೆದುಕೊಂಡು ‘ಕುರುಕ್ಷೇತ್ರ’ ನಾಟಕದ ಪದ್ಯ. ಅದಾದ ಮೇಲೆ ಘಂಟಸಾಲ ಹಾಡಿದ ಯಾವುದೋ ತೆಲುಗು ಪೌರಾಣಿಕ ಚಿತ್ರದ ಪದ್ಯ. ಆ ಕಲಸುಮೇಲೋಗರದ ಕೆಳಗೆ ನಾವು ದುಡಿದೆವು, ದುಡಿಯುತ್ತ ದೊಡ್ಡವರಾದೆವು. ಆ ಹಾಡುಗಳಲ್ಲಿ ಒಂದೂ ಇವತ್ತು ಕಳೆದುಹೋಗಿಲ್ಲ. ಬೇಕೆಂದ ಕ್ಷಣಕ್ಕೆ ಅಂಗೈಯಲ್ಲಿ ಸಿಗುತ್ತವೆ. ಕಳೆದುಹೋದದ್ದು ಅವು ಬೆರೆತು ಬರುತ್ತಿದ್ದ ರೀತಿ, ಬೆರೆತು ಕೂತು ಕೇಳುತ್ತಿದ್ದ ಜನ. ನನ್ನ ಕೊರಗು ಅದರದು.

ಸಾಸಲು ದೊಡ್ಡಬಳ್ಳಾಪುರ ತಾಲ್ಲೂಕಿನ ಹೋಬಳಿ ಕೇಂದ್ರ. ತಾಲ್ಲೂಕಿನ ಬಡಗಣ ಅಂಚು ಗೌರಿಬಿದನೂರಿಗೆ, ಪಡುವಣ ಅಂಚು ಕೊರಟಗೆರೆಗೆ ತಾಗುತ್ತದೆ. ಮಳೆಯನ್ನೇ ನಂಬಿದ ಕೆಮ್ಮಣ್ಣಿನ ರಾಗಿ ಹೊಲಗಳ ಸೀಮೆ ಇದು. ವರ್ಷವಿಡೀ ಹರಿಯುವ ಹೊಳೆಯಿಲ್ಲ. ಕೆರೆ ತುಂಬಿದರೆ ತುಂಬಿತು, ಇಲ್ಲದಿದ್ದರೆ ಕೊಳವೆಬಾವಿಯೇ ಗತಿ. ಇಂಥ ನೆಲದಲ್ಲಿ ಹದ ಬಂದ ಎರಡು ದಿನದೊಳಗೆ ಬಿತ್ತನೆ ಮುಗಿಯಬೇಕು, ಮಳೆ ಬೀಳುವ ಮುಂಚೆ ತೆನೆ ಮನೆ ಸೇರಬೇಕು. ಒಂದು ಮನೆಯ ಕೈಗಳಿಂದ ಅದು ಆಗದ ಮಾತು. ಅದಕ್ಕೆಂದೇ ಮುಯ್ಯಾಳು ಇತ್ತು: ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು. ಊರದೇವರ ಕೆಲಸ ಬಂದಾಗ ಆ ಲೆಕ್ಕವೂ ಇರುತ್ತಿರಲಿಲ್ಲ. ಮನೆಗೊಬ್ಬ ಆಳು ಎಂದು ಸಾರಿದರೆ ಇಬ್ಬರು ಬರುತ್ತಿದ್ದರು. ಕನ್ನಡದ ಮನೆಗಳ ಜತೆಗೆ ಮನೆಯೊಳಗೆ ತೆಲುಗು ಆಡುವವರು, ಉರ್ದು ಆಡುವವರು ಇರುವ ಕಡೆ ಇದು. ದೊಡ್ಡಬಳ್ಳಾಪುರದ ಮಗ್ಗಗಳಿಗೆ ಹೋಗಿ ಬರುವವರೂ ಇದ್ದರು. ಇಷ್ಟು ಬಗೆಯ ಜನ ಒಂದು ಚಪ್ಪರದ ಕೆಳಗೆ ಕೈ ಹಾಕುವಾಗ ಒಂದೇ ಬಗೆಯ ಹಾಡು ಹೇಗೆ ಸಾಲೀತು?

ಮೈಕು ಬರುವ ಮುಂಚೆ ಊರು ಮೂಕವಾಗಿರಲಿಲ್ಲ. ಹೊಲದಲ್ಲಿ ಕಳೆ ತೆಗೆಯುವ ಸಾಲಿನಲ್ಲಿ ಒಬ್ಬಾಕೆ ಎತ್ತಿಕೊಟ್ಟರೆ ಮಿಕ್ಕವರು ಸೊಲ್ಲು ಸೇರಿಸುತ್ತಿದ್ದರು. ನಸುಕಿನಲ್ಲಿ ರಾಗಿ ಬೀಸುವ ಪದ, ಮದುವೆ ಮನೆಯಲ್ಲಿ ಸೋಬಾನೆ, ಭಜನೆ ಮನೆಯಲ್ಲಿ ತಂಬೂರಿಯ ತತ್ವಪದ ಇದ್ದವು. ಹಾರ್ನು ಮರ ಏರಿದ ಮೇಲೆ ಆ ದನಿಗಳು ತಗ್ಗಿದವು. ರಾಗಿ ಕಲ್ಲು ಮೂಲೆ ಸೇರಿ ಮಿಲ್ಲು ಬಂದಾಗ ಅದರ ಪದಕ್ಕೆ ಕೆಲಸವೂ ಉಳಿಯಲಿಲ್ಲ. ನಾನು ಹಂಬಲಿಸುವ ಮೈಕ್‌ಸೆಟ್ಟಿನ ಕಾಲವೇ ಇನ್ನೊಂದು ಕಾಲದ ಹಾಡನ್ನು ನುಂಗಿ ಬಂದದ್ದು ಎಂಬುದನ್ನು ಮರೆತು ಬರೆಯಲಾರೆ. ಆದರೆ ಒಂದು ಗುಣ ಮಾತ್ರ ಹಳೆಯದರಿಂದ ಹೊಸದಕ್ಕೆ ದಾಟಿ ಬಂದಿತ್ತು. ಬಾಯಿ ಬದಲಾಗಿ ಯಂತ್ರ ಹಾಡಿದರೂ ಅದು ಎಲ್ಲರ ಕಿವಿಗೂ ಒಟ್ಟಿಗೇ ಬೀಳುತ್ತಿತ್ತು.

ಈ ಬೆರಕೆಯನ್ನು ಸಾಧ್ಯ ಮಾಡಿದ್ದು ಕ್ಯಾಸೆಟ್ಟು. ಫಿಲಿಪ್ಸ್ ಕಂಪನಿ ಅದನ್ನು ಲೋಕಕ್ಕೆ ತೋರಿಸಿದ್ದು 1963ರಲ್ಲಿ. ನಮ್ಮ ಹಳ್ಳಿಗಳಿಗೆ ಅದು ಧಾರಾಳವಾಗಿ ಇಳಿದದ್ದು ಎಂಬತ್ತರ ದಶಕದಲ್ಲಿ. ಅದಕ್ಕೂ ಮುಂಚೆ ಗ್ರಾಮಫೋನ್ ತಟ್ಟೆ ಇತ್ತು, ಆದರೆ ತಟ್ಟೆಯಲ್ಲಿ ಕಂಪನಿ ಏನು ಅಚ್ಚು ಹಾಕಿತ್ತೋ ಅದನ್ನೇ ಕೇಳಬೇಕು. ಆಕಾಶವಾಣಿ ಇತ್ತು. ಬೆಂಗಳೂರು ನಿಲಯ 1955ರಿಂದಲೂ ಹಾಡುತ್ತಿತ್ತು, ಆದರೆ ಅದರ ಹೊತ್ತಿಗೆ ನಾವು ಕಾಯಬೇಕು. ಕ್ಯಾಸೆಟ್ಟಿನಲ್ಲಿ ಮಾತ್ರ ಕೇಳುವವರೇ ಹಾಡು ಆರಿಸಬಹುದಾಗಿತ್ತು. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ ಕ್ಯಾಸೆಟ್ ಹೊರಬಂತು. ಕನ್ನಡ ಭಾವಗೀತೆ ಪುಸ್ತಕದಿಂದ, ಸಭೆಯಿಂದ ಇಳಿದು ಬೀದಿಯ ಅಂಗಡಿಗೆ ಬಂದದ್ದು ಆಗ. ನಿಸಾರ್ ಹುಟ್ಟಿದ್ದು ನಮ್ಮ ಜಿಲ್ಲೆಯ ದೇವನಹಳ್ಳಿಯಲ್ಲಿ, 1936ರಲ್ಲಿ. ನಮ್ಮ ಸೀಮೆಯ ಹುಡುಗನೊಬ್ಬ ಬರೆದ ಪದ ಹಾರ್ನಿನಲ್ಲಿ ಬರುತ್ತಿದೆ ಎಂದು ಶಾಲೆಯ ಮೇಷ್ಟ್ರು ಹೇಳಿದಾಗ, ಹೂಳು ತುಂಬಿದ ಬಾಂಡಲಿ ಕೈಯಲ್ಲಿ ಹಿಡಿದಿದ್ದವರೂ ತುಸು ನಿಂತು ಕೇಳಿದ್ದರು.

ದೊಡ್ಡಬಳ್ಳಾಪುರದ ಬಸ್‌ಸ್ಟ್ಯಾಂಡಿನ ಆಸುಪಾಸಿನ ಕ್ಯಾಸೆಟ್ ಅಂಗಡಿಗಳಲ್ಲಿ ಖಾಲಿ ಕ್ಯಾಸೆಟ್ಟಿಗೆ ಹಾಡು ತುಂಬಿಸಿಕೊಡುತ್ತಿದ್ದರು. ಅರುವತ್ತು ನಿಮಿಷದ್ದಾದರೆ ಹತ್ತು ಹನ್ನೆರಡು ಹಾಡು, ತೊಂಬತ್ತರದ್ದಾದರೆ ಇನ್ನೊಂದು ಐದಾರು. ಮೈಕ್‌ಸೆಟ್ಟಿನವರು ಪಟ್ಟಿ ಬರೆದುಕೊಂಡು ಹೋಗುವ ಮುಂಚೆ ಊರಲ್ಲಿ ಕೇಳುತ್ತಿದ್ದರು. ‘ಗೌಡ್ರೇ, ನಿಮ್ದ್ಯಾವುದು ಹಾಕ್ಸಲಿ?’ ‘ಅಜ್ಜಿ, ನಿಂಗ್ಯಾವ ಪದ ಬೇಕು?’ ಒಬ್ಬರು ಚಿತ್ರದ ಹೆಸರು ಹೇಳುತ್ತಿದ್ದರು, ಇನ್ನೊಬ್ಬರಿಗೆ ಅದೂ ಗೊತ್ತಿಲ್ಲ, ರಾಗ ಗುನುಗಿ ತೋರಿಸುತ್ತಿದ್ದರು. ಅಂಗಡಿಯವನ ಮುಂದೆ ಆ ಗುನುಗನ್ನೇ ಮತ್ತೆ ಗುನುಗಿ ಹಾಡು ಹುಡುಕಿಸಿಕೊಂಡು ಬರಬೇಕು. ತುಂಬಿಸಿದ ಕ್ಯಾಸೆಟ್ಟಿನ ಮೇಲೆ ‘ಮಿಕ್ಸ್ 1’, ‘ಜಾತ್ರೆ’, ‘ಹಳೇದು ಹೊಸದು’ ಎಂದು ಬಾಲ್‌ಪೆನ್ನಿನಲ್ಲಿ ಬರೆದಿರುತ್ತಿತ್ತು. ತಗಡಿನ ಪೆಟ್ಟಿಗೆಯಲ್ಲಿ ಅವೆಲ್ಲ ಹೇಗೆ ಬಿದ್ದಿದ್ದವೋ ಹಾಗೇ ಕೈಗೆ ಸಿಕ್ಕಿದ್ದು ಆಂಪ್ಲಿಫೈಯರ್ ಪಕ್ಕದ ಡೆಕ್ಕಿಗೆ ಹೋಗುತ್ತಿತ್ತು.

ಎರಡು ಸಾವಿರದ ಇಸವಿಯ ಹೊತ್ತಿಗೆ ಎಂಪಿ3 ಸಿ.ಡಿ. ಬಂದು ಒಂದು ತಟ್ಟೆಯಲ್ಲಿ ನೂರಕ್ಕೂ ಹೆಚ್ಚು ಹಾಡು ಹಿಡಿಸತೊಡಗಿತು. ಆಮೇಲೆ ಪೆನ್‌ಡ್ರೈವ್. ನಾಲ್ಕು ಜಿ.ಬಿ.ಯ ಒಂದು ತುಂಡಿನಲ್ಲಿ ಎಂಟುನೂರರಿಂದ ಸಾವಿರ ಹಾಡು. ಕ್ಯಾಸೆಟ್ ಅಂಗಡಿ ಇದ್ದ ಕಡೆ ಮೊಬೈಲ್ ರೀಚಾರ್ಜ್ ಅಂಗಡಿ ಎದ್ದಿತು. ಅಲ್ಲಿ ಕಂಪ್ಯೂಟರ್ ಮುಂದೆ ಕೂತ ಹುಡುಗ ಮೆಮೊರಿ ಕಾರ್ಡಿಗೆ, ಪೆನ್‌ಡ್ರೈವಿಗೆ ಹಾಡು ತುಂಬಿಸುತ್ತಿದ್ದ. ಅಗ್ಗದ ಆಂಪ್ಲಿಫೈಯರಿನಲ್ಲಿ ಹಾಡಿನ ಹೆಸರು ಕಾಣುತ್ತಿರಲಿಲ್ಲ, ಕೆಂಪು ದೀಪದಲ್ಲಿ ಬರೀ ಅಂಕಿ ಉರಿಯುತ್ತಿತ್ತು. ಯಾವ ಕ್ರಮದಲ್ಲಿ ಕಾಪಿ ಆಗಿತ್ತೋ ಅದೇ ಕ್ರಮ. ಷಫಲ್ ಗುಂಡಿ ಒತ್ತಿದರಂತೂ ಅದೂ ಇಲ್ಲ. ಮುಂದಿನ ಹಾಡು ಯಾರದೋ, ಯಾವ ಭಾಷೆಯದೋ, ಮೈಕ್‌ಸೆಟ್ಟಿನವನಿಗೂ ತಿಳಿಯದು. 2005ರಲ್ಲಿ ಆ್ಯಪಲ್ ಕಂಪನಿ ಪರದೆಯೇ ಇಲ್ಲದ ಐಪಾಡ್ ಷಫಲ್ ತಂದಾಗ ಲೋಕಕ್ಕೆ ಅದೊಂದು ಹೊಸ ಬೆರಗು. ನಮ್ಮ ಊರಿಗೆ ಆ ಬೆರಗಿನ ರುಚಿ ಮೊದಲೇ ಹತ್ತಿತ್ತು, ಅದೂ ಊರಿಗೆಲ್ಲ ಕೇಳುವ ಹಾಗೆ.

ಪುಷ್ಯ ಮಾಸದ ಚಳಿಯ ರಾತ್ರಿಗಳು ನನಗೆ ಎಲ್ಲಕ್ಕಿಂತ ಚೆನ್ನಾಗಿ ನೆನಪಿವೆ. ಘಾಟಿ ಸುಬ್ರಹ್ಮಣ್ಯದ ತೇರಿನ ಸಮಯ. ಅದೇ ಅವರೆಯ ಕಾಲವೂ ಹೌದು. ದನದ ಜಾತ್ರೆಗೆ, ತೇರಿಗೆ ಹೋಗಿ ಬರುವವರಿಗೆಂದು ಸುತ್ತಿನ ಊರುಗಳವರು ಊಟ, ನೀರುಮಜ್ಜಿಗೆ ಮಾಡಿ ಬಡಿಸುವುದು ವಾಡಿಕೆ. ಹಿಂದಿನ ರಾತ್ರಿ ಗುಡಿಯ ಮುಂದಿನ ಚಪ್ಪರದಲ್ಲಿ ಚಾಪೆ ಹಾಸಿ, ನೆನೆಸಿದ ಅವರೆಕಾಳನ್ನು ಹಂಡೆಗಟ್ಟಲೆ ತಂದಿಡುತ್ತಿದ್ದರು. ಹೆಬ್ಬೆರಳು ತೋರುಬೆರಳ ನಡುವೆ ಕಾಳು ಹಿಡಿದು ಒಂದಿಷ್ಟು ಒತ್ತಿದರೆ ಸಿಪ್ಪೆ ಬೆರಳಲ್ಲಿ ಉಳಿದು ಬೇಳೆ ಪುಟಕ್ಕನೆ ಹಾರಿ ಬೋಸಿಗೆ ಬೀಳುತ್ತದೆ. ಹೇಳಲು ಸುಲಭ. ತಣ್ಣೀರಲ್ಲಿ ನೆಂದ ಕಾಳನ್ನು ಹಿದುಕಿ ಹಿದುಕಿ ಬೆರಳ ತುದಿ ಸುಕ್ಕುಗಟ್ಟುತ್ತದೆ, ಉಗುರ ಸಂದಿ ಉರಿಯುತ್ತದೆ, ಬೆನ್ನು ಸೆಟೆಯುತ್ತದೆ. ನೂರಾರು ಜನರ ಸಾರಿಗೆ ಆಗುವಷ್ಟು ಹಿದುಕಿದ ಬೇಳೆ ಬೇಕಾದರೆ ಚಪ್ಪರದ ತುಂಬ ಕೈಗಳು ಬೇಕು, ಆ ಕೈಗಳು ಎದ್ದು ಹೋಗದಂತೆ ಹಿಡಿದು ಕೂರಿಸುವುದೊಂದು ಬೇಕು.

ಹಿಡಿದು ಕೂರಿಸುತ್ತಿದ್ದದ್ದು ಮುಂದಿನ ಹಾಡು. ನಾಟಕದ ಗೀಳಿನ ಅಜ್ಜನೊಬ್ಬರು ಬಾಗಿಲ ಕಂಬಕ್ಕೆ ಒರಗಿ ಕೂರುತ್ತಿದ್ದರು. ಗುಬ್ಬಿ ವೀರಣ್ಣನವರ ಕಂಪನಿ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದು ಆಡಿದ ‘ಕುರುಕ್ಷೇತ್ರ’ದ ಸುದ್ದಿಯನ್ನು ತಮ್ಮ ತಂದೆಯ ಬಾಯಿಂದ ಕೇಳಿದ್ದವರು. ಪ್ರಾಯದಲ್ಲಿ ತಾವೇ ಗದೆ ಹಿಡಿದು ಭೀಮನ ಪಾತ್ರ ಮಾಡಿದ್ದವರು. ಅವರಿಗೆ ಬೇಕಾದದ್ದು ನಾಟಕದ ಪದ್ಯ. ಅದು ಬರುವವರೆಗೆ ಏಳರು. ‘ಜನುಮದ ಜೋಡಿ’ಯ ಹಾಡು ಬಂದರೆ ಹುಡುಗಿಯರ ಸಾಲಿನಲ್ಲಿ ಬೆರಳು ಚುರುಕಾಗುತ್ತಿದ್ದವು. ಆಂಧ್ರದ ಗಡಿಯ ಕಡೆಯಿಂದ ಸೊಸೆಯಾಗಿ ಬಂದು ಇಲ್ಲೇ ಮುದುಕಿಯಾದ ಒಬ್ಬ ಅವ್ವ, ಘಂಟಸಾಲ ದನಿ ಕೇಳಿದ ಕೂಡಲೇ ಕಾಳು ಹಿಡಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದರು. ಆ ಒಂದು ಹಾಡು ಮುಗಿಯುವವರೆಗೆ ಅವರನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ‘ನಂದಿನ್ನೂ ಬಂದಿಲ್ಲ ಕಣಪ್ಪ’ ಎಂದು ಯಾರಾದರೂ ಗೊಣಗಿದರೆ ಮೈಕ್‌ಸೆಟ್ಟಿನ ಹುಡುಗ, ‘ಬತ್ತದೆ ತಡಿ ಮಾವ, ಇದೂ ಒಂದು ಕೇಳು’ ಎನ್ನುತ್ತಿದ್ದ. ಮಾವ ಕೇಳುತ್ತಿದ್ದರು. ಹಾಗೆ ಕೇಳುತ್ತ ಕೇಳುತ್ತ ತಮ್ಮದಲ್ಲದ ಹಾಡಿನ ಚರಣವೂ ಅವರ ಬಾಯಿಗೆ ಬರುತ್ತಿತ್ತು.

ನನ್ನ ಸಂಗೀತದ ತಿಳಿವಳಿಕೆಯೆಲ್ಲ ಹೀಗೆ ಬೆರಳ ಮೂಲಕ ಬಂದದ್ದು. ನಾನಾಗಿ ಆರಿಸಿದ್ದರೆ ತತ್ವಪದ ನನ್ನ ಹತ್ತಿರವೂ ಸುಳಿಯುತ್ತಿರಲಿಲ್ಲ. ಹದಿನಾರರ ಹುಡುಗನಿಗೆ ‘ಪ್ರೇಮಲೋಕ’ ಬಿಟ್ಟರೆ ಬೇರೇನು ಬೇಕು? ಆದರೆ ಎರಡೂ ಕೈ ಅವರೆಕಾಳಿನಲ್ಲಿ ಮುಳುಗಿರುವಾಗ ಹಾಡು ಬದಲಿಸಲು ಆಗುವುದಿಲ್ಲ. ಕೇಳಲೇಬೇಕು. ಕೇಳಿದೆ. ಮೊದಲು ಬೇಸರದಿಂದ, ಆಮೇಲೆ ಅಭ್ಯಾಸದಿಂದ, ಕಡೆಗೊಂದು ವರ್ಷ ಅದಕ್ಕಾಗಿಯೇ ಕಾದು. ಆ ಅಜ್ಜನ ನಾಟಕದ ಪದ್ಯ, ಆ ಅವ್ವನ ತೆಲುಗು ಪದ್ಯ ನನ್ನವೂ ಆದದ್ದು ಅವರು ನನಗೆ ಕಲಿಸಿದ್ದರಿಂದಲ್ಲ. ಅವರು ಕೇಳುವಾಗಿನ ಮುಖವನ್ನು ಎದುರಿಗೆ ಕೂತು ನೋಡಿದ್ದರಿಂದ.

ಆ ಚಪ್ಪರ ಎಲ್ಲರಿಗೂ ಸಮನಾಗಿತ್ತೆಂದು ಬರೆದರೆ ಸುಳ್ಳಾಗುತ್ತದೆ. ಒಲೆಯ ಹತ್ತಿರ ಯಾರು ನಿಲ್ಲಬೇಕು, ದೂರದಲ್ಲಿ ಸೌದೆ ಯಾರು ಒಡೆಯಬೇಕು, ಮೊದಲ ಪಂಕ್ತಿಗೆ ಯಾರು, ಕಡೆಯ ಪಂಕ್ತಿಗೆ ಯಾರು ಎಂಬ ಗೆರೆಗಳು ನಮ್ಮ ಕಡೆಯ ಊರುಗಳಲ್ಲಿ ಗಟ್ಟಿಯಾಗಿಯೇ ಇದ್ದವು. ದುಡಿದ ಕೈಗಳ ನಡುವೆಯೇ ಆ ಗೆರೆ ಹಾಯ್ದು ಹೋಗುತ್ತಿತ್ತು. ಮರದ ಮೇಲಿನ ಹಾರ್ನಿಗೆ ಮಾತ್ರ ಗೆರೆ ಇರಲಿಲ್ಲ. ಅದರ ಬಾಯಿ ಕೇರಿಯ ಕಡೆಗೂ ತಿರುಗಿತ್ತು. ಸೌದೆ ಒಡೆಯುತ್ತಿದ್ದವರು ಅಲ್ಲಿಂದಲೇ ಕೂಗಿ ಒಂದು ಹಾಡು ಕೇಳಿದರೆ ಅದು ಒಲೆಯ ಮುಂದೆ ನಿಂತವರ ಕಿವಿಗೂ ಬೀಳಲೇಬೇಕು. ಹಾಡು ಗೆರೆ ಅಳಿಸಿತೆಂದು ಹೇಳಲಾರೆ. ಒಂದೇ ಹಾಡಿಗೆ ಎರಡು ಕಡೆಯ ತಲೆಗಳೂ ತೂಗಿದ್ದನ್ನು ಕಂಡ ನಮ್ಮ ವಯಸ್ಸಿನವರಿಗೆ ಆ ಗೆರೆ ಇರಬೇಕಾದದ್ದಲ್ಲ ಎಂಬುದು ಪುಸ್ತಕ ಓದುವ ಮುಂಚೆಯೇ ಹೊಳೆಯಿತು ಎನ್ನಬಲ್ಲೆ. ಆಮೇಲೆ ಅದಕ್ಕಾಗಿ ಜಗಳ ಆಡಿದವರಲ್ಲಿ ಆ ಚಪ್ಪರದ ಹುಡುಗರೂ ಇದ್ದರು.

ಕಾಲೇಜು ಸೇರಿದ ಮೇಲೆ ಇದೇ ರುಚಿ ಎನ್ನೆಸ್ಸೆಸ್ ಶಿಬಿರಗಳಲ್ಲಿ ಸಿಕ್ಕಿತು. ಗಾಂಧೀಜಿ ಹುಟ್ಟಿ ನೂರು ವರ್ಷವಾದ 1969ರಲ್ಲಿ ಶುರುವಾದ ರಾಷ್ಟ್ರೀಯ ಸೇವಾ ಯೋಜನೆ ವಿದ್ಯಾರ್ಥಿಗಳನ್ನು ವಾರದ ಮಟ್ಟಿಗೆ ಹಳ್ಳಿಗೆ ಕಳಿಸುತ್ತಿತ್ತು. ಶಾಲೆಯ ಕೋಣೆಯಲ್ಲಿ ಜಮಖಾನ ಹಾಸಿ ಮಲಗುವುದು, ಬೆಳಿಗ್ಗೆ ಚರಂಡಿ, ಇಂಗುಗುಂಡಿ, ಶಾಲೆಯ ಕಾಂಪೌಂಡು, ಸಸಿ ನೆಡುವುದು. ಪೇಟೆಯ ಹುಡುಗರಿಗೆ ಗುದ್ದಲಿ ಹಿಡಿಯಲು ಬಾರದು, ಹಳ್ಳಿಯ ಹುಡುಗರಿಗೆ ಪೇಟೆಯ ಹುಡುಗರೊಂದಿಗೆ ಮಾತಾಡಲು ನಾಚಿಕೆ. ಎರಡು ದಿನ ಹೀಗೇ ಕಳೆದು, ಮೂರನೆಯ ದಿನ ಯಾರೋ ಟೇಪ್‌ರೆಕಾರ್ಡರ್ ತಂದು ಗೋಡೆಯ ಮೇಲಿಟ್ಟರೆ ಆಯಿತು. ಒಬ್ಬರ ಚೀಲದಲ್ಲಿ ಹಿಂದಿ, ಇನ್ನೊಬ್ಬರಲ್ಲಿ ಇಳಯರಾಜ, ಊರಿನ ಹುಡುಗನ ಜೇಬಲ್ಲಿ ಜನಪದ. ಸರದಿಯ ಮೇಲೆ ಒಬ್ಬೊಬ್ಬರದು. ‘ಇದ್ಯಾವ ಸಿನಿಮಾ’ ಎಂದು ಕೇಳಿದಲ್ಲಿಂದಲೇ ಸ್ನೇಹಗಳು ಹುಟ್ಟಿದವು. ಮಣ್ಣಿನ ಬಾಂಡಲಿ ಕೈಯಿಂದ ಕೈಗೆ ಸಾಗುವ ಸಾಲಿಗೆ ಹಾಡಿನ ಲಯ ಹಿಡಿಯುತ್ತಿತ್ತು. ಲಯ ಸಿಕ್ಕ ಮೇಲೆ ಭಾರ ಹಗುರವಾಗುವುದು ಕೆಲಸ ಮಾಡಿದವರಿಗೆ ಗೊತ್ತು.

ಈಗಿನದನ್ನೂ ಹೇಳುತ್ತೇನೆ. ಅನ್ನದಾನ ನಿಂತಿಲ್ಲ. ಹಿಂದಿಗಿಂತ ದೊಡ್ಡದಾಗಿಯೇ ನಡೆಯುತ್ತಿದೆ. ಆದರೆ ಕೇಟರಿಂಗ್‌ನವರು ಬೆಳಗಿನ ಜಾವ ಟೆಂಪೋದಲ್ಲಿ ಬಂದು ಹೆಚ್ಚಿದ ತರಕಾರಿಯನ್ನೇ ಇಳಿಸುತ್ತಾರೆ. ಹಿದುಕಿದ ಅವರೆಬೇಳೆ ಕೆ.ಜಿ. ಲೆಕ್ಕದಲ್ಲಿ ಸಂತೆಯಲ್ಲೇ ಸಿಗುತ್ತದೆ. ಕೆರೆಯ ಹೂಳಿಗೆ ಜೆಸಿಬಿ ಇದೆ. ಚಪ್ಪರದ ಬದಲು ಶಾಮಿಯಾನ. ಊರಿನ ಪ್ರಾಯದ ಕೈಗಳೂ ಊರಲ್ಲಿಲ್ಲ. ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶ, ಗಾರ್ಮೆಂಟ್ಸ್, 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಅದರ ಸುತ್ತ ಬೆಳೆದ ಕೆಲಸಗಳು ಅವರನ್ನು ಕರೆದೊಯ್ದಿವೆ. ನಸುಕಿಗೇ ಕಂಪನಿ ಬಸ್ಸು, ರಾತ್ರಿ ಶಿಫ್ಟು. ಅವರನ್ನು ದೂರಲಾರೆ. ಮಳೆ ನಂಬಿದ ರಾಗಿ ಹೊಲ ಕೊಡದ ತಿಂಗಳ ಸಂಬಳವನ್ನು ಆ ಬಸ್ಸು ಕೊಡುತ್ತದೆ. ಸ್ವಯಂಸೇವೆಗೆ ಬರುವವರು ಈಗಲೂ ಇದ್ದಾರೆ, ಒಳ್ಳೆಯ ಮನಸ್ಸಿನಿಂದಲೇ ಬರುತ್ತಾರೆ. ಒಂದೇ ಬಣ್ಣದ ಟೀ ಷರ್ಟ್ ತೊಟ್ಟು ಎರಡು ಗಂಟೆ ಬಡಿಸಿ ಹೋಗುತ್ತಾರೆ. ಬಡಿಸುವಾಗಲೂ ಒಂದು ಕಿವಿಯಲ್ಲಿ ಬಿಳಿಯ ಇಯರ್‌ಬಡ್ ಇರುತ್ತದೆ.

ಶಾಮಿಯಾನದ ಪಕ್ಕದ ಸೌಂಡ್ ಸಿಸ್ಟಂನಲ್ಲೂ ಹಾಡು ಇದೆ, ಆದರೆ ಅದು ವಿಂಗಡಿಸಿದ ಹಾಡು. ದೇವರ ಕಾರ್ಯವಾದರೆ ಬೆಳಗಿನಿಂದ ಸಂಜೆವರೆಗೆ ಒಬ್ಬ ದೇವರದೇ. ನಟನ ಹುಟ್ಟುಹಬ್ಬವಾದರೆ ಒಬ್ಬ ನಟನದೇ. ಮೆರವಣಿಗೆಯಾದರೆ ಎದೆ ನಡುಗಿಸುವ ಡಿ.ಜೆ. 2021ರ ಅಕ್ಟೋಬರ್‌ನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಊರೂರುಗಳಲ್ಲಿ ಅವರ ಹೆಸರಿನಲ್ಲಿ ಅನ್ನದಾನ, ರಕ್ತದಾನ, ನೇತ್ರದಾನದ ನೋಂದಣಿ ನಡೆದವು. ಆ ಹುಡುಗರ ಶ್ರದ್ಧೆ ಕಂಡು ನನ್ನ ಕಣ್ಣು ತುಂಬಿದೆ. ರಕ್ತ ಕೊಟ್ಟು ಮಲಗಿದವರಿಗೆ ಅಪ್ಪು ಹಾಡೇ ಕೇಳಬೇಕೆಂಬ ಆಸೆಯೂ ಅರ್ಥವಾಗುತ್ತದೆ. ಆದರೂ ಅಲ್ಲಿ ಕುರ್ಚಿಯಲ್ಲಿ ಕೂತಿದ್ದ ಮುದುಕರ ಹಾಡು ದಿನವೆಲ್ಲ ಒಂದೂ ಬರಲಿಲ್ಲ. ಅವರು ಕೇಳಲೂ ಇಲ್ಲ. ಕೇಳಿದರೆ ಹಾಕುತ್ತಾರೆ ಎಂಬ ನಂಬಿಕೆಯೇ ಅವರಿಗೆ ಹೊರಟುಹೋಗಿದೆ. ಅದು ನನಗೆ ಅಲ್ಲಿನ ಎಲ್ಲ ಗದ್ದಲಕ್ಕಿಂತ ಜೋರಾಗಿ ಕೇಳಿಸಿತು.

ಫೋನಿನ ಆ್ಯಪ್‌ಗಳು ನಮ್ಮ ರುಚಿಯನ್ನು ಕಲಿಯುತ್ತವೆ. ನಿನ್ನೆ ಏನು ಪೂರ್ತಿ ಕೇಳಿದೆವು, ಯಾವುದನ್ನು ಅರ್ಧಕ್ಕೆ ದಾಟಿಸಿದೆವು ಎಂಬ ಲೆಕ್ಕದ ಮೇಲೆ ನಾಳೆಯ ಹಾಡು ಕೊಡುತ್ತವೆ. ಸ್ಪಾಟಿಫೈ ಕಂಪನಿ ತನ್ನ ಷಫಲ್ ಕ್ರಮವನ್ನು ತಿದ್ದಿದ ಬಗೆಯನ್ನು 2014ರಲ್ಲಿ ವಿವರಿಸಿತ್ತು. ನಿಜವಾಗಿ ಕಣ್ಣುಮುಚ್ಚಿ ಎತ್ತಿದರೆ ಒಬ್ಬರೇ ಗಾಯಕರ ಹಾಡು ಒಂದರ ಹಿಂದೆ ಒಂದು ಬಂದುಬಿಡುತ್ತದೆ. ಕೇಳುವವರಿಗೆ ಅದು ಕಲೆಸಿದಂತೆ ಅನಿಸುವುದಿಲ್ಲ. ಹಾಗಾಗಿ ಒಬ್ಬೊಬ್ಬ ಗಾಯಕರನ್ನೂ ಪಟ್ಟಿಯ ಉದ್ದಕ್ಕೆ ಹರಡಿದರು. ಪಟ್ಟಿ ಬರೆಯುವಾಗ ನಮ್ಮ ಮೈಕ್‌ಸೆಟ್ಟಿನ ಹುಡುಗ ಹರಡುತ್ತಿದ್ದದ್ದು ಗಾಯಕರನ್ನಲ್ಲ, ಕೇಳುವವರನ್ನು. ಹೆಂಗಸರ ಕಡೆಗೊಂದು ಆಯಿತು, ಮುದುಕರ ಕಡೆಗೊಂದು ಆಗಲಿ, ಸೌದೆಯವರು ಆಗಲೇ ಕೇಳಿದ್ದರಲ್ಲ ಎಂಬ ನ್ಯಾಯ ಅವನ ಕೈಯಲ್ಲಿತ್ತು. ಒಬ್ಬರೇ ಕೇಳುವ ಫೋನಿನಲ್ಲಿ ಆ ನ್ಯಾಯಕ್ಕೆ ಕೆಲಸವೇ ಇಲ್ಲ. ಅಲ್ಲಿ ಎಲ್ಲವೂ ನನ್ನ ಸರದಿಯೇ.

ಹಾರ್ನಿನ ಗದ್ದಲಕ್ಕೆ ನಾನು ವಕಾಲತ್ತು ಹಾಕುತ್ತಿಲ್ಲ. ಪರೀಕ್ಷೆಗೆ ಓದುವ ಮಕ್ಕಳು, ಕಾಯಿಲೆಯವರು, ಬಾಣಂತಿಯರು ಇರುವ ಊರಿನಲ್ಲಿ ರಾತ್ರಿಯಿಡೀ ಕೂಗಿಸುವುದು ತಪ್ಪೇ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ತಡೆ ಹಾಕಿದ್ದು ಒಳ್ಳೆಯದೇ ಆಯಿತು. ಚಪ್ಪರದೊಳಗೆ ಕೂತವರಿಗೆ ಮಾತ್ರ ಕೇಳುವ ಪುಟ್ಟ ಪೆಟ್ಟಿಗೆಯೂ ಸಾಕು. ಬೇಕಾಗಿರುವುದು ದೊಡ್ಡ ಸದ್ದಲ್ಲ, ಒಂದೇ ಸದ್ದು. ಎಲ್ಲರ ಕಿವಿಗೂ ಒಟ್ಟಿಗೆ ಬೀಳುವಂಥದ್ದು, ಯಾರೊಬ್ಬರ ಜೇಬಿಗೂ ಸೇರದಂಥದ್ದು.

ನಮ್ಮ ಜಿಲ್ಲೆಯ ತೆಕ್ಕೆಯಲ್ಲೇ ಇದ್ದ ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಜಾನಪದ ಲೋಕ ಕಟ್ಟಿದರು. ಹಾಡುವ ಬಾಯಿಗಳು ಇರುವಾಗಲೇ ಅವರ ಪದಗಳನ್ನು ಟೇಪಿಗೆ ಹಿಡಿದರು. ಮೈಕು ನುಂಗಿದ್ದರಲ್ಲಿ ಒಂದಿಷ್ಟನ್ನು ಅದೇ ಟೇಪಿನಿಂದ ಉಳಿಸಿಕೊಟ್ಟ ಪುಣ್ಯ ಅವರದು. ಮೈಕ್‌ಸೆಟ್ಟಿನವರ ಕಲಸು ಪಟ್ಟಿಯನ್ನು ಮಾತ್ರ ಯಾರೂ ಉಳಿಸುವ ವಸ್ತು ಎಂದುಕೊಂಡಿಲ್ಲ. ಅದರಲ್ಲಿರುವ ಒಂದೊಂದು ಹಾಡೂ ಬೇರೆ ಕಡೆ ಭದ್ರವಾಗಿದೆ ತಾನೇ ಎಂಬುದು ಲೆಕ್ಕ. ಆದರೆ ‘ಜಾತ್ರೆ’ ಎಂದು ಬರೆದ ಒಂದು ಕ್ಯಾಸೆಟ್ಟಿನಲ್ಲಿ ಭೀಮನ ಪಾತ್ರದ ಅಜ್ಜನಿದ್ದಾರೆ, ತೆಲುಗಿನ ಅವ್ವ ಇದ್ದಾರೆ, ಸೌದೆ ಒಡೆದವರಿದ್ದಾರೆ, ಶಾಲೆಯ ಮೇಷ್ಟ್ರಿದ್ದಾರೆ. ಯಾವ ಹಾಡು ಯಾರು ಕೇಳಿದ್ದು ಎಂದು ಬಲ್ಲವರು ಇನ್ನೂ ಕೆಲವರು ಬದುಕಿದ್ದಾರೆ. ಅವರು ಹೋದ ಮೇಲೆ ಅದು ಬರೀ ಹನ್ನೆರಡು ಹಾಡಿನ ಪ್ಲಾಸ್ಟಿಕ್ ತುಂಡು.

ಹಾಗಾಗಿ ಊರಿನ ಹುಡುಗರಲ್ಲಿ ನನ್ನದೊಂದು ಬೇಡಿಕೆ. ಅಡುಗೆ ಕೇಟರಿಂಗ್‌ನವರೇ ಮಾಡಲಿ, ಹೂಳು ಜೆಸಿಬಿಯೇ ಎತ್ತಲಿ. ಎಲೆ ಒರೆಸಿ ಜೋಡಿಸಲು, ತೋರಣ ಕಟ್ಟಲು, ನೀರು ಹಂಚಲು ಇನ್ನೂ ಕೈ ಬೇಕಲ್ಲ, ಅಲ್ಲಿ ಒಟ್ಟಿಗೆ ಕೂರೋಣ. ಕೂರುವ ಮುಂಚೆ ಫೋನು ಹಿಡಿದು ಊರೆಲ್ಲ ಒಂದು ಸುತ್ತು ಬನ್ನಿ. ಕೇರಿಗೂ ಹೋಗಿ, ಮಗ್ಗದ ಮನೆಗೂ ಹೋಗಿ, ಕಟ್ಟೆಯ ಮೇಲೆ ಸುಮ್ಮನೆ ಕೂತ ಮುದುಕರನ್ನೂ ಬಿಡಬೇಡಿ. ‘ನಿಮ್ದ್ಯಾವುದು ಹಾಕ್ಲಿ’ ಎಂದು ಕೇಳಿ, ಹೇಳಿದ್ದನ್ನೆಲ್ಲ ಒಂದೇ ಪಟ್ಟಿಗೆ ಸೇರಿಸಿ, ಕಲೆಸಿ ಬಿಡಿ. ಯಂತ್ರ ಹಳೆಯದಾಗಿರಬೇಕೆಂದೇನಿಲ್ಲ. ತಮ್ಮದಲ್ಲದ ಹಾಡೊಂದು ಮುಗಿಯುವವರೆಗೆ ಕೈ ಕೆಲಸ ಬಿಡದೆ ಕೂತಿರುವ ತಾಳ್ಮೆಯನ್ನು ನಮ್ಮ ಹಿರಿಯರು ನಮಗೆ ಕೊಟ್ಟರು. ಅದನ್ನು ನಿಮಗೆ ದಾಟಿಸದೆ ಹೋದರೆ ಆ ಸಾಲ ನಮ್ಮ ತಲೆಯ ಮೇಲೆಯೇ ಉಳಿಯುತ್ತದೆ.